ಬಾಬ್ಚಿನ್‌ಗೆ ಹೋಗುವ ಮೊದಲು

ತಮ್ಮಾ, ಬೆಲಾರೂಸ್‌ನಲ್ಲಿ ಮೆಡಿಕಲ್ ಸೀಟು ಸಿಕ್ಕಿದ್ದು ಕೇಳಿ ಖುಷಿಯಾಯ್ತು. ಗೋಮೆಲ್‌ನಲ್ಲಿ ಚಳಿ ಹೇಗೆ, ಸಸ್ಯಾಹಾರಿಗೆ ಏನು ಗತಿ, ಬಾಬ್ಚಿನ್ ಅನ್ನೋ ಪಾಳುಬಿದ್ದ ಹಳ್ಳಿಗೆ ಹೋಗಿ ವಿಡಿಯೊ ಮಾಡಬಹುದಾ ಅಂತ ಕೇಳಿದ್ದೀಯ. ಚಳಿಗೆ ಜಾಕೆಟ್ ಸಾಗರದಿಂದ ಹೊತ್ತು ತರಬೇಡ, ಇಲ್ಲೇ ತಗೋ. ಊಟಕ್ಕೆ ಆಲೂಗಡ್ಡೆ, ಎಲೆಕೋಸು, ಬೀಟ್‌ರೂಟ್, ಒಳ್ಳೆಯ ಹಾಲು ಧಾರಾಳ. ಸಾರಿನ ಪುಡಿ, ಇಂಗು ತಂದರೆ ಸಾಕು.

ನಾನು ಹೊರಟಾಗ ಅಪ್ಪ, ಗಡಿಯಾಚೆ ಉಕ್ರೇನ್‌ನ ಚೆರ್ನೋಬಿಲ್‌ನಲ್ಲಿ 1986ರ ಏಪ್ರಿಲ್‌ನಲ್ಲಿ ಸಿಡಿದ ಅಣುಸ್ಥಾವರದ ವಿಕಿರಣಕ್ಕೆ ಹೆದರಿ ಸೂಟ್‌ಕೇಸಿಗೆ ಅಯೋಡಿನ್ ಮಾತ್ರೆ ತುರುಕಿದ್ದರು. ಹಾಸ್ಟೆಲ್ ಹುಡುಗರು ಬಿದ್ದು ಬಿದ್ದು ನಕ್ಕರು. ಆ ಮಾತ್ರೆ ಬೇಕಾಗೋದು ಸ್ಫೋಟದಲ್ಲಿ ಹೊರಬಿದ್ದ ಅಯೋಡಿನ್-131ಕ್ಕೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, 8 ದಿನ. ಅದೇ ವರ್ಷದ ಜುಲೈ-ಆಗಸ್ಟ್ ಹೊತ್ತಿಗೇ ಅದರ ಆಟ ಮುಗಿದಿತ್ತು. ಉಳಿದದ್ದು ಸೀಸಿಯಂ-137, ಅದಕ್ಕೆ 30 ವರ್ಷ. ಕಾಡಿನ ಅಣಬೆಯಲ್ಲಿ, ಬೆರ್ರಿಯಲ್ಲಿ ಅದು ಇನ್ನೂ ಸಿಗುತ್ತದೆ. ಪೇಟೆಯ ಲ್ಯಾಬಿನಲ್ಲಿ ಪರೀಕ್ಷೆಯಾದದ್ದನ್ನೇ ಕೊಳ್ಳು, ರಸ್ತೆ ಬದಿ ಬಕೆಟ್ಟಿನಲ್ಲಿ ಮಾರೋದನ್ನು ಮುಟ್ಟಬೇಡ. ಊರಲ್ಲಿ ಓಡಾಡಲು ಭಯ ಬೇಡ. ನೀನು ಸೇರುವ ಮೆಡಿಕಲ್ ಕಾಲೇಜು 1990ರಲ್ಲಿ ಶುರುವಾಗಿದ್ದೇ ಈ ದುರಂತದ ಸೀಮೆಗೆ ಡಾಕ್ಟರುಗಳು ಬೇಕು ಅಂತ.

ಇನ್ನು ಬಾಬ್ಚಿನ್. ಅದು ನನ್ನ ಅತ್ತೆಯವರ ಊರು. ಹೆಂಡತಿಯ ಅಮ್ಮ, ಈಗ ಗೋಮೆಲ್‌ನಲ್ಲೇ ಇದ್ದಾರೆ.

ಗೋಮೆಲ್‌ನಿಂದ ನೈಋತ್ಯಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಖೋಯ್ನಿಕಿ ಪಟ್ಟಣ, ಬಾಬ್ಚಿನ್ ಅದರಾಚೆ. ಪ್ರಿಪ್ಯತ್ ನದಿಯ ಸೀಮೆ, ಪೊಲೇಸ್ಯೆ ಅಂತಾರೆ. ಗುಡ್ಡ ಅಂತ ಒಂದಿಲ್ಲ. ಮರಳು ಮಣ್ಣು, ಜೌಗು, ಪೈನ್ ಕಾಡು. ಇಲ್ಲಿನ ಹಳ್ಳಿ ಬೀದಿಯುದ್ದಕ್ಕೆ ಬೆಳೆಯುತ್ತದೆ: ಎರಡೂ ಕಡೆ ದಿಮ್ಮಿಯ ಮನೆಗಳು, ಬೀದಿಗೆ ಮೂರು ಕಿಟಕಿ, ಹಿಂದೆ ಆಲೂಗಡ್ಡೆಯ ಹಿತ್ತಿಲು, ಕಂಬದ ತುದಿಯಲ್ಲಿ ಕೊಕ್ಕರೆ ಗೂಡು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಈ ದೇಶದ ಸಾವಿರಾರು ಹಳ್ಳಿ ಸುಟ್ಟರು. ಜನರ ಸಮೇತ ಸುಟ್ಟು ಮತ್ತೆ ಏಳದೇ ಹೋದ 185 ಹಳ್ಳಿಗಳ ಮಣ್ಣನ್ನು ಖಾಟಿನ್ ಸ್ಮಾರಕದಲ್ಲಿ ಇಟ್ಟಿದ್ದಾರೆ. ಉಳಿದವರು ಬಂದು ಅದೇ ಜಾಗದಲ್ಲಿ ಮನೆ ಕಟ್ಟಿಕೊಂಡರು. 1986 ಅದಕ್ಕೂ ಅವಕಾಶ ಕೊಡಲಿಲ್ಲ. ಮನೆ, ಬಾವಿ, ಸೇಬಿನ ಮರ ಎಲ್ಲ ನಿಂತಲ್ಲೇ ಇದ್ದವು, ಜನ ಮಾತ್ರ ಎದ್ದು ಹೋಗಬೇಕಾಯ್ತು. 90ಕ್ಕೂ ಹೆಚ್ಚು ಹಳ್ಳಿ, 22,000ಕ್ಕೂ ಹೆಚ್ಚು ಜನ. 1988ರಲ್ಲಿ ಅಷ್ಟೂ ಜಾಗ ಸೇರಿಸಿ ರಕ್ಷಿತಾರಣ್ಯ ಮಾಡಿದರು. ಬಾಬ್ಚಿನ್‌ನಲ್ಲಿ ಈಗ ತಪಾಸಣಾ ಗೇಟು, ವಿಜ್ಞಾನಿಗಳ ಕೇಂದ್ರ ಇವೆ. 1996ರಲ್ಲಿ ತಂದು ಬಿಟ್ಟ ಜುಬ್ರ್ ಅನ್ನುವ ಯುರೋಪಿನ ಕಾಡುಕೋಣಗಳು ಚೆನ್ನಾಗಿ ಹೆಚ್ಚಿಕೊಂಡಿವೆ.

ನಿಮ್ಮ ಮನೆಯವರೂ ಲಿಂಗನಮಕ್ಕಿ ಮುಳುಗಡೆಯವರು ಅಂದಿದ್ದೀಯ, ಹಾಗಾಗಿ ಹೆಚ್ಚು ಬಿಡಿಸಿ ಹೇಳೋದು ಬೇಡ. ದೇವರನ್ನು ಹೊತ್ತು ತಂದೆವು, ಚೌಡಿ ಕಲ್ಲು ನೀರಲ್ಲೇ ಉಳೀತು ಅಂತ ನನ್ನ ಅಜ್ಜಿ ಸಾಯೋವರೆಗೂ ಅನ್ನುತ್ತಿದ್ದಳು. ನನ್ನ ಮದುವೆ ಹೊತ್ತಿಗೆ ಅವಳಿರಲಿಲ್ಲ. ಅವಳನ್ನೂ ಅತ್ತೆಯನ್ನೂ ಒಂದು ಮಧ್ಯಾಹ್ನ ಎದುರುಬದುರು ಕೂರಿಸಬೇಕಿತ್ತು ಅನ್ನೋ ಕೊರಗು ಹೋಗಿಲ್ಲ.

ಈಸ್ಟರ್ ಆದ ಒಂಬತ್ತನೇ ದಿನ, ಮಂಗಳವಾರ, ರಾದುನಿತ್ಸಾ. ಹಿರಿಯರ ದಿನ, ಸರ್ಕಾರಿ ರಜೆ. ಆಗ ಆ ಊರಿನವರನ್ನು ಸ್ಮಶಾನಕ್ಕೆ ಬಿಡುತ್ತಾರೆ. ಅತ್ತೆ ತರಗೆಲೆ ಗುಡಿಸಿ, ಶಿಲುಬೆಗೆ ಕಸೂತಿಯ ಹೊಸ ವಸ್ತ್ರ ಕಟ್ಟಿ, ಬಣ್ಣದ ಮೊಟ್ಟೆ ಇಟ್ಟು, ಆಮೇಲೆ ಬೀದಿಗೆ ಬರುತ್ತಾರೆ. ಅಲ್ಲೀಗ ಮನೆಗಳಿಲ್ಲ, ಗುರುತಿಗೆ ಲೈಲಾಕ್ ಹೂವಿನ ಪೊದೆಗಳಷ್ಟೇ. ಅವುಗಳನ್ನು ಎಣಿಸುತ್ತ ಹೋಗಿ ಒಂದು ಕಡೆ ನಿಂತು, ಚಪ್ಪಲಿ ಬಿಡೋ ಜಾಗ ಇದು ಅನ್ನುತ್ತಾರೆ. ಅಲ್ಲಿ ಅಕ್ಕಪಕ್ಕದ ಮನೆಯವರು ಸಿಕ್ಕರೆ ಜಗಳವೂ ಆಗುತ್ತದೆ, ಬೇಲಿ ಎಲ್ಲಿತ್ತು ಅಂತ!

2018ರ ಕೊನೆಯಲ್ಲಿ ರಕ್ಷಿತಾರಣ್ಯಕ್ಕೆ ಪ್ರವಾಸಿಗರನ್ನೂ ಬಿಡಲು ಶುರುಮಾಡಿದರು. ಈಗಲೂ ಬಿಡುತ್ತಿದ್ದರೆ ದುಡ್ಡು ಕಟ್ಟಿ, ಗೈಡ್ ಜೊತೆ ನೀನೂ ಹೋಗಬಹುದು, ನಾನು ತಡೆಯಲ್ಲ. ಆದರೆ ‘ದೆವ್ವದ ಹಳ್ಳಿ’ ಅಂತ ತಲೆಬರಹ ಹಾಕಿದ ವಿಡಿಯೊ ನನಗೆ ಕಳಿಸಬೇಡ. ಮೊದಲು ಒಂದು ಭಾನುವಾರ ಅತ್ತೆ ಮನೆಗೆ ಬಾ. ಆಲೂಗಡ್ಡೆ ತುರಿದು ದ್ರಾನಿಕಿ ಮಾಡುತ್ತಾರೆ. ಹಂದಿ ಕೊಬ್ಬಿನಲ್ಲಿ ಕರಿಯೋದು ಅವರ ರೂಢಿ, ನಿನ್ನದಕ್ಕೆ ಎಣ್ಣೆ ಹಾಕಿ ಅಂತ ನಾನು ಹೇಳಿಟ್ಟಿರುತ್ತೇನೆ.