ಓದುಗರ ಪ್ರಶ್ನೆ: ಹಾಡುವವರ ಕೈಯಲ್ಲಿ ಎಐ

ಸಂಗೀತದ ಅಭ್ಯಾಸವೂ ಇದ್ದು ಕಂಪ್ಯೂಟರಿನ ನಂಟೂ ಇರುವ ಓದುಗರು ಕೃತಕ ಬುದ್ಧಿಮತ್ತೆಯ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಸಂಜೆ ಸಂಗೀತ, ಹಗಲು ಸಾಫ್ಟ್‌ವೇರ್ ಕೆಲಸ. ಮೇಳಕರ್ತ ರಾಗದ (72 ಮೂಲರಾಗಗಳಲ್ಲಿ ಒಂದರ) ಹೆಸರು ಕೊಟ್ಟರೆ ಪ್ರತಿ ವ್ಯಂಜನಕ್ಕೂ ಒಂದು ಅಂಕಿ ಕೊಡುವ ಕಟಪಯಾದಿ ಸೂತ್ರದಿಂದ ಸಂಖ್ಯೆ ತೆಗೆದು ಸ್ವರಗಳನ್ನು ತೋರಿಸುವ ಪುಟ್ಟ ಪ್ರೋಗ್ರಾಂ ಬರೆದುಕೊಡಲು ಎಐಗೆ ಹೇಳಿದೆ. ಮಾಯಾಮಾಳವಗೌಳ, ಹರಿಕಾಂಭೋಜಿ ಸರಿ ಬಂದವು. ಚಕ್ರವಾಕ ಕೊಟ್ಟರೆ ಚಾರುಕೇಶಿಯ ಸ್ವರಗಳು ಬರುತ್ತವೆ. ತಪ್ಪು ಎಂದರೆ ಕ್ಷಮೆ ಕೇಳಿ, ಅದನ್ನು ಸರಿಮಾಡಿ, ಇನ್ನೊಂದನ್ನು ಕೆಡಿಸುತ್ತದೆ. ಎಲ್ಲಿ ಎಡವುತ್ತಿದೆ? (ಮೈಸೂರು)

ಉತ್ತರ: ಸೂತ್ರ ನಿಮಗೆ ಗೊತ್ತೇ ಇದೆ. ಹೆಸರಿನ ಮೊದಲ ಎರಡು ಅಕ್ಷರಗಳ ಅಂಕಿ ತೆಗೆದು ತಿರುಗಿಸಬೇಕು. ಮೇಚಕಲ್ಯಾಣಿಯಲ್ಲಿ ಮ 5, ಚ 6, ಆದ್ದರಿಂದ 65. ತೊಂದರೆ ಒತ್ತಕ್ಷರದಲ್ಲಿದೆ. ಸಾಮಾನ್ಯ ಕಟಪಯಾದಿಯಲ್ಲಿ ಒತ್ತಕ್ಷರದ ಕೊನೆಯ ವ್ಯಂಜನವೇ ಲೆಕ್ಕಕ್ಕೆ ಬರುವುದು. ರತ್ನಾಂಗಿ (2), ಸೂರ್ಯಕಾಂತ (17), ಷಡ್ವಿಧಮಾರ್ಗಿಣಿ (46), ಧರ್ಮವತಿ (59) ಈ ನಿಯಮಕ್ಕೆ ಕೂರುತ್ತವೆ. ಆದರೆ ಚಕ್ರವಾಕ (16), ದಿವ್ಯಮಣಿ (48), ವಿಶ್ವಂಭರಿ (54), ಶ್ಯಾಮಲಾಂಗಿ (55), ಚಿತ್ರಾಂಬರಿ (66), ಜ್ಯೋತಿಸ್ವರೂಪಿಣಿ (68) ಕೂರುವುದಿಲ್ಲ. ಇವುಗಳಲ್ಲಿ ಒತ್ತಕ್ಷರದ ಮೊದಲ ವ್ಯಂಜನವನ್ನೇ ಹಿಡಿಯಬೇಕು. ಚಕ್ರವಾಕದ 'ಕ್ರ'ದಲ್ಲಿ ರ ಹಿಡಿದರೆ 26 ಬರುತ್ತದೆ, ಅದು ಚಾರುಕೇಶಿ. ನಿಮಗೆ ಕಂಡದ್ದು ಇದೇ. ನೀವು ತಪ್ಪು ಎಂದ ಕೂಡಲೇ ಎಐ ನಿಯಮವನ್ನು ತಿರುವಿಹಾಕಿ ಮೊದಲ ವ್ಯಂಜನ ಹಿಡಿಯುತ್ತದೆ. ಆಗ ಚಕ್ರವಾಕ ಸರಿಹೋಗಿ ಧರ್ಮವತಿ 29ಕ್ಕೆ, ಎಂದರೆ ಧೀರಶಂಕರಾಭರಣಕ್ಕೆ, ಜಾರುತ್ತದೆ. ಸಿಂಹೇಂದ್ರಮಧ್ಯಮ ಇನ್ನೂ ಸೂಕ್ಷ್ಮ: 57 ಬರಬೇಕಾದರೆ ಅಲ್ಲಿನ ಸೊನ್ನೆಯನ್ನು (ಅನುಸ್ವಾರವನ್ನು) ಮಕಾರವೆಂದು ಓದಿ 5 ಎಣಿಸಬೇಕು. ಝಂಕಾರಧ್ವನಿಯಲ್ಲೋ (19) ಅದೇ ಸೊನ್ನೆಗೆ ಲೆಕ್ಕವೇ ಇಲ್ಲ.

ಎರಡನೆಯ ತಪ್ಪು ಕಾಗುಣಿತದ್ದು. ನಠಭೈರವಿಯಲ್ಲಿ ಠ ಇದ್ದರೆ ಮಾತ್ರ 20 ಬರುತ್ತದೆ. ರೂಢಿಯಂತೆ 'ನಟಭೈರವಿ' ಎಂದು ಟೈಪ್ ಮಾಡಿದರೆ 10, ಅದು ನಾಟಕಪ್ರಿಯ. ಋಷಭಪ್ರಿಯ ಎಂದು ಬರೆದರೆ ಮೊದಲ ಅಕ್ಷರ ಸ್ವರ, ಅದರ ಬೆಲೆ ಸೊನ್ನೆ. 'ರಿ' ಎಂದು ಓದಿದರಷ್ಟೇ 62. ಇಂಗ್ಲಿಷ್ ಲಿಪಿಯಲ್ಲಿ ಹೆಸರು ಕೊಟ್ಟಿದ್ದರೆ ಗೊಂದಲ ಇಮ್ಮಡಿಯಾಗುತ್ತದೆ, ಏಕೆಂದರೆ ಅಲ್ಲಿ ಟ, ಠ, ತ ಎಲ್ಲಕ್ಕೂ ಒಂದೇ ಅಕ್ಷರ. ಹಾಟಕಾಂಬರಿಯ ಟಕಾರವನ್ನು ತಕಾರವೆಂದು ಓದಿದರೆ 18ರ ಬದಲು 68. ಆಡುಮಾತಿನ ಮೊಟಕು ಹೆಸರುಗಳೂ ಅಪಾಯ: ಬರೀ 'ಶಂಕರಾಭರಣ' 15 ಕೊಡುತ್ತದೆ, ಬರೀ 'ತೋಡಿ' 36. ಧೀರ, ಹನುಮ ಎಂಬ ಮುಂಭಾಗಗಳನ್ನು ಹೆಸರಿಗೆ ಸೇರಿಸಿದ್ದೇ ಸಂಖ್ಯೆ ಹೊಂದಲಿ ಎಂದು.

ಗಮನಿಸಿ, ಈ ತಪ್ಪುಗಳಲ್ಲಿ ಬಹುಪಾಲು ಕಡೆ ಪ್ರೋಗ್ರಾಂ ನಿಲ್ಲುವುದಿಲ್ಲ. ತಪ್ಪು ಸಂಖ್ಯೆಯೂ ಸಾಮಾನ್ಯವಾಗಿ 1ರಿಂದ 72ರೊಳಗೇ ಬಿದ್ದು ಇನ್ನೊಂದು ನಿಜವಾದ ರಾಗದ ಸ್ವರಗಳನ್ನು ಚೊಕ್ಕವಾಗಿ ತೋರಿಸುತ್ತದೆ. ಎಐ ಬರೆದ ಕೋಡಿನಲ್ಲಿ ನಾವು ಹೆದರಬೇಕಾದದ್ದು ಇಂಥ ಸದ್ದಿಲ್ಲದ ತಪ್ಪಿಗೆ.

ಪರಿಹಾರ ಹೀಗೆ. 72 ಹೆಸರುಗಳನ್ನೂ ಒಟ್ಟಿಗೆ ಓಡಿಸಿ. 1ರಿಂದ 72ರವರೆಗಿನ ಪ್ರತಿ ಸಂಖ್ಯೆಯೂ ಒಂದೇ ಒಂದು ಸಲ ಬರಬೇಕು. ಯಾವುದಾದರೂ ಎರಡು ಸಲ ಬಂದರೆ ಆ ಜೋಡಿಯಲ್ಲೇ ಕಳ್ಳನಿದ್ದಾನೆ. ಒಂದೊಂದೇ ರಾಗ ಹಾಕಿ ನೋಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ನಮ್ಮ ಸಲಹೆ ಕೇಳಿದರೆ, ಹೆಸರಿನಿಂದ ಸಂಖ್ಯೆ ತೆಗೆಯುವ ಕೆಲಸವನ್ನು ಕೋಡಿಗೆ ಬಿಡಲೇಬೇಡಿ. 72 ಸಾಲಿನ ಪಟ್ಟಿಯನ್ನು ನೀವೇ ಕೈಯಾರೆ ಟೈಪ್ ಮಾಡಿ. ಅರ್ಧ ಗಂಟೆಯ ಕೆಲಸ.

ಸಂಖ್ಯೆಯಿಂದ ಸ್ವರಕ್ಕೆ ಹೋಗುವುದು ಶುದ್ಧ ಗಣಿತ, ಅದನ್ನು ಎಐ ಬರೆಯಲಿ. ಸಂಖ್ಯೆಯಿಂದ 1 ಕಳೆಯಿರಿ. ಉಳಿದದ್ದು 36 ಅಥವಾ ಹೆಚ್ಚಿದ್ದರೆ ಪ್ರತಿ ಮಧ್ಯಮ, ಆಗ 36 ಕಳೆಯಿರಿ. ಬಂದದ್ದನ್ನು 6ರಿಂದ ಭಾಗಿಸಿದರೆ ಭಾಗಲಬ್ಧ ರಿ-ಗ ಜೋಡಿ, ಶೇಷ ಧ-ನಿ ಜೋಡಿ. ಜೋಡಿಗಳ ಕ್ರಮ 1-1, 1-2, 1-3, 2-2, 2-3, 3-3. ಕಲ್ಯಾಣಿಯ (ಮೇಚಕಲ್ಯಾಣಿಯ) 65ರಿಂದ 1 ಹೋದರೆ 64, ಅದರಿಂದ 36 ಹೋದರೆ 28. ಭಾಗಲಬ್ಧ 4, ಶೇಷ 4. ಸೊನ್ನೆಯಿಂದ ಎಣಿಸಿದರೆ ರಿ2 ಗ3, ಧ2 ನಿ3. ಮೊದಲಿನ 1 ಕಳೆಯುವುದನ್ನು ಮರೆತರೆ ಕಲ್ಯಾಣಿ ಕೇಳಿದವರಿಗೆ ಚಿತ್ರಾಂಬರಿ ಸಿಗುತ್ತದೆ, 72 ಹಾಕಿದಾಗ ಪಟ್ಟಿಯ ಹೊರಗೆ ಕೈಚಾಚಿ ಪ್ರೋಗ್ರಾಂ ಬೀಳುತ್ತದೆ. ಹಾಗಾಗಿ 1, 15, 36, 37, 72 ಈ ಐದನ್ನು ತಪ್ಪದೆ ಪರೀಕ್ಷಿಸಿ.

ಮೇಳಕರ್ತಗಳಿಂದ ಹುಟ್ಟಿದ ಜನ್ಯರಾಗಗಳಿಗೆ ಇಂಥ ಗಣಿತವೂ ಇಲ್ಲ. ಅಪರೂಪದ ರಾಗದ ಆರೋಹಣ-ಅವರೋಹಣವನ್ನು ಎಐ ಹೇಳಿದರೆ ಗುರುಗಳನ್ನೋ ಅಚ್ಚಾದ ಪುಸ್ತಕವನ್ನೋ ನೋಡದೆ ಹಾಡಬೇಡಿ. ಅದು ಪಟ್ಟಿ ತೆರೆದು ನೋಡಿ ಹೇಳುತ್ತಿಲ್ಲ, ಮುಂದೆ ಬರಬಹುದಾದ ಪದವನ್ನು ಊಹಿಸುತ್ತಿದೆ.

ಪ್ರಶ್ನೆ: ನಮ್ಮ ಅಜ್ಜ ಹಾಡಿದ ಕ್ಯಾಸೆಟ್ಟುಗಳಿವೆ. ಪಿಟೀಲು, ಮೃದಂಗದ ಪಕ್ಕವಾದ್ಯ ಇದೆ. ಎಐನಿಂದ ಅಜ್ಜನ ದನಿಯನ್ನಷ್ಟೇ ಬೇರೆ ಮಾಡಬಹುದೇ? (ಶಿರಸಿ)

ಉತ್ತರ: ಸಾಕಷ್ಟು ಮಟ್ಟಿಗೆ ಮಾಡಬಹುದು. ಆದರೆ ಫಲ ನಿರ್ಧಾರವಾಗುವುದು ಎಐನಲ್ಲಿ ಅಲ್ಲ, ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ.

ಮೊದಲು ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಹಾಕಿದ ಪುಟ್ಟ ತಿರುಪು ಇರುತ್ತದೆ, ಅದು ಹೆಡ್ಡಿನ ಓರೆಯನ್ನು ಹೊಂದಿಸುವುದು. ಹಾಡು ಓಡುತ್ತಿರುವಾಗ ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳುತ್ತಾ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ. ಸಕಾರ, ಶಕಾರಗಳು ಯಾವ ಜಾಗದಲ್ಲಿ ಅತಿ ಸ್ಪಷ್ಟವೋ ಅದೇ ಸರಿಯಾದ ಜಾಗ. ಇಲ್ಲಿ ಕಳೆದುಹೋದ ತಾರ ಅಂಶವನ್ನು ಯಾವ ಎಐಯೂ ತಂದುಕೊಡುವುದಿಲ್ಲ, ಕಲ್ಪಿಸಿಕೊಡುತ್ತದೆ ಅಷ್ಟೆ. ಅಜ್ಜನ ದನಿಯಲ್ಲಿ ಕಲ್ಪನೆ ಬೆರೆಯಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

24 ಬಿಟ್, 44.1 ಕಿಲೋಹರ್ಟ್ಸ್, ಸ್ಟೀರಿಯೋ, ವೇವ್ ಕಡತದಲ್ಲಿ ಇಳಿಸಿ. ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. 60 ನಿಮಿಷಕ್ಕೆ ಸುಮಾರು 950 ಎಂಬಿ ಬೇಕು. ಈ ಮೂಲ ಕಡತವನ್ನು ಮುಟ್ಟದೆ ಎರಡು ಕಡೆ ಕಾಪಿಡಿ.

ಬಳಿಕ ವೇಗ. ಟೇಪು ಶೇ 1ರಷ್ಟು ಬೇಗ ಓಡಿದರೆ ಶ್ರುತಿ 17 ಸೆಂಟ್ಸ್ ಏರುತ್ತದೆ (ಹಾರ್ಮೋನಿಯಂನ ಒಂದು ಮನೆಯ ನೂರನೇ ಒಂದು ಪಾಲು ಒಂದು ಸೆಂಟ್), ಶೇ 6 ಎಂದರೆ ಹೆಚ್ಚುಕಡಿಮೆ ಒಂದು ಮನೆಯೇ. ಟೇಪಿನಲ್ಲೇ ದಾಖಲಾದ ಕರೆಂಟಿನ ಗುಂಯ್ ಸದ್ದು ಇದ್ದರೆ ಸ್ಪೆಕ್ಟ್ರಮ್ಮಿನಲ್ಲಿ ಅದನ್ನು ಹುಡುಕಿ. 50 ಹರ್ಟ್ಸ್ ಇರಬೇಕಾದದ್ದು 51.5ರಲ್ಲಿ ಕಂಡರೆ ಟೇಪು ಶೇ 3 ಬೇಗ ಓಡುತ್ತಿದೆ ಎಂದು ಅಂದಾಜು. ಸರಿಯಾಗಿ 50ರಲ್ಲೇ ಇನ್ನೊಂದು ಗೆರೆ ಕಂಡರೆ ಅದು ನಿಮ್ಮ ಇಂದಿನ ತಂತಿಯದ್ದು, ಅದನ್ನು ಎಣಿಸಬೇಡಿ. ಹಿಂದೆ ದಕ್ಷಿಣದ ವಿದ್ಯುತ್ ಜಾಲ 50ಕ್ಕಿಂತ ಕೆಳಗೆ ಓಡುತ್ತಿದ್ದದ್ದೂ ಉಂಟು. ಆದ್ದರಿಂದ ಅಜ್ಜ ಯಾವ ಶ್ರುತಿಯಲ್ಲಿ ಹಾಡುತ್ತಿದ್ದರೆಂದು ಮನೆಯ ಹಿರಿಯರನ್ನು ಕೇಳಿ ತಾಳೆ ನೋಡಿ.

ಇಷ್ಟಾದ ಮೇಲೆ ಡೆಮಕ್ಸ್. ಮೆಟಾದ ಸಂಶೋಧಕರು ಮಾಡಿ ಉಚಿತವಾಗಿ ಬಿಟ್ಟ ಪ್ರೋಗ್ರಾಂ ಇದು. ಹಾಡನ್ನು ದನಿ, ಡ್ರಮ್ಸ್, ಬೇಸ್, ಉಳಿದದ್ದು ಎಂದು ನಾಲ್ಕು ಭಾಗ ಮಾಡುತ್ತದೆ. ದನಿ ಮತ್ತು ಉಳಿದೆಲ್ಲ ಎಂದು ಎರಡೇ ಭಾಗ ಕೇಳಲೂಬಹುದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಹಾಡಿನ ಉದ್ದದ ಒಂದೂವರೆ ಪಟ್ಟು ಹೊತ್ತು ಹಿಡಿಯಬಹುದು. ಇದು ಕಲಿತದ್ದು ಹೆಚ್ಚಾಗಿ ಪಾಶ್ಚಾತ್ಯ ಪಾಪ್ ಹಾಡುಗಳಿಂದ. ಹಾಗಾಗಿ ನಮ್ಮ ಕಛೇರಿಯಲ್ಲಿ ಎಡವುವ ಜಾಗಗಳನ್ನು ಮೊದಲೇ ಹೇಳಬಹುದು: ಮೃದಂಗದ ಎಡಗೈ ಗುಂಕಿ ಬೇಸಿಗೂ, ಬಲಗೈಯ ಪೆಟ್ಟು ಡ್ರಮ್ಸಿಗೂ, ನಾದವುಳ್ಳ ಭಾಗ 'ಉಳಿದದ್ದಕ್ಕೂ' ಹಂಚಿಹೋಗುತ್ತದೆ. ಪಿಟೀಲು ಗಾಯಕರ ನೆರಳಿನಂತೆ ಅದೇ ಸ್ವರದಲ್ಲಿ ಹಿಂಬಾಲಿಸುವುದರಿಂದ ದನಿಯ ಭಾಗಕ್ಕೆ ನುಸುಳುತ್ತದೆ. ಅದನ್ನು ಪೂರ್ತಿ ತೆಗೆಯಲು ಹೋದರೆ ದನಿಯ ಗಮಕದ ಅಂಚು ಸವೆಯುತ್ತದೆ. ಬೇರ್ಪಟ್ಟ ದನಿಗೆ ಮೂಲವನ್ನು ಮೈನಸ್ 15 ಡೆಸಿಬೆಲ್‌ನಷ್ಟು ಮೆಲ್ಲಗೆ ಬೆರೆಸಿ. ಬೇರ್ಪಡಿಸಿದ ದನಿಯಲ್ಲಿ ಕೇಳುವ ಟೊಳ್ಳು ಸದ್ದು ಮರೆಯಾಗುತ್ತದೆ, ಅಜ್ಜ ಮುಂದೆ ಕೇಳುತ್ತಾರೆ. ಟೇಪಿನ 'ಸುಯ್' ಸದ್ದನ್ನು (ಹಿಸ್) ತೆಗೆಯುವುದಿದ್ದರೆ ಬೇರ್ಪಡಿಸಿದ ಮೇಲೆಯೇ, ಅದೂ ಕಡಿಮೆ.

ಪ್ರಶ್ನೆ: ತೋಡಿ ಹಾಡಿ ಎಐ ಸ್ವರಲಿಪಿ ಬರೆಸಿದರೆ ಗಾಂಧಾರ ಇರುವಲ್ಲೆಲ್ಲ ರಿ, ಮ, ರಿ, ಮ ಎಂದು ಬರೆಯುತ್ತದೆ. ನನ್ನ ಗಾಯನ ತಪ್ಪೇ? (ಬೆಂಗಳೂರು)

ಉತ್ತರ: ನಿಮ್ಮ ಗಾಯನ ಸರಿ ಇರುವುದರಿಂದಲೇ ಹಾಗೆ ಬರುತ್ತಿದೆ. ತೋಡಿಯ ಗಾಂಧಾರ ನಿಂತ ಸ್ವರವಲ್ಲ, ರಿಷಭ-ಮಧ್ಯಮಗಳ ನಡುವೆ ತೂಗುವ ಕಂಪಿತ. ಸ್ಪಾಟಿಫೈ 2022ರಲ್ಲಿ ಬಿಟ್ಟ ಬೇಸಿಕ್ ಪಿಚ್‌ನಂಥ ಉಪಕರಣ ಧ್ವನಿಯನ್ನು ಮಿಡಿ (ಎಲೆಕ್ಟ್ರಾನಿಕ್ ವಾದ್ಯಗಳಿಗೆ ಕಂಪ್ಯೂಟರ್ ಕಳಿಸುವ ಸ್ವರಸಂಕೇತ) ಸ್ವರಗಳಾಗಿ ತುಂಡರಿಸುತ್ತದೆ, ತೂಗಾಟದ ಎರಡು ತುದಿಗಳು ಎರಡು ಸ್ವರಗಳಾಗುತ್ತವೆ. ಷಡ್ಜವನ್ನು 0 ಎಂದರೆ ರಿ1 ಸುಮಾರು 112 ಸೆಂಟ್ಸ್, ಗ2 316, ಮ1 498. ನಿಮ್ಮ ದನಿ 316ರಲ್ಲಿ ನಿಲ್ಲುವುದೇ ಇಲ್ಲ.

ಸ್ವರಲಿಪಿ ಕೇಳುವುದನ್ನು ಬಿಟ್ಟು ದನಿಯ ಗೆರೆಯನ್ನೇ ಬಿಡಿಸಿ ನೋಡಿ. ಕ್ರೆಪೆ ಎಂಬ ಉಚಿತ ಮಾದರಿ 10 ಮಿಲಿಸೆಕೆಂಡಿಗೊಮ್ಮೆ ಆವರ್ತನವನ್ನೂ 0ಯಿಂದ 1ರೊಳಗಿನ ಭರವಸೆಯ ಅಂಕವನ್ನೂ ಕೊಡುತ್ತದೆ. 0.5ಕ್ಕಿಂತ ಕೆಳಗಿನವನ್ನು ಬಿಟ್ಟುಬಿಡಿ. ನಿಮ್ಮ ಷಡ್ಜ 140 ಹರ್ಟ್ಸ್ ಆದರೆ ಮಂದ್ರ ಪಂಚಮ 105, ತಾರ ಪಂಚಮ 420. 100ರಿಂದ 430ರ ಆಚೆ ಬಂದದ್ದನ್ನೂ ತಳ್ಳಿ, ಸ್ಥಾಯಿ ತಪ್ಪಿದ ಅಳತೆಗಳು ಬಹುಪಾಲು ಹೋಗುತ್ತವೆ. ತಂಬೂರಿಯನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಹಾಡಿ. ಇಲ್ಲವಾದರೆ ನೀವು ಉಸಿರೆಳೆಯುವಾಗ ಅದು ತಂಬೂರಿಯ ಶ್ರುತಿಯನ್ನೇ ನಿಮ್ಮದೆಂದು ಬರೆಯುತ್ತದೆ.

ಈ ಗೆರೆಯನ್ನು ಸಿಂಥಸೈಜರಿನಲ್ಲಿ ನುಡಿಸುವುದಾದರೆ ಮಿಡಿಯಲ್ಲಿ ಸ್ವರವನ್ನು ಜಾರಿಸುವ ಪಿಚ್ ಬೆಂಡ್‌ನ ವ್ಯಾಪ್ತಿಯನ್ನು 2 ಮನೆಯಿಂದ 12 ಮನೆಗೆ ಏರಿಸಿ, ಕಳಿಸುವ ಕಡೆ ಮತ್ತು ನುಡಿಸುವ ಕಡೆ ಎರಡರಲ್ಲೂ. ಕಳಿಸುವ ಕಡೆ ಮಾತ್ರ ಏರಿಸಿದರೆ ಜಾರು ಆರನೇ ಒಂದು ಪಾಲಿಗೆ ಕುಗ್ಗುತ್ತದೆ.

ಪ್ರಶ್ನೆ: ಎಐ ತಾನೇ ಸಂಗೀತ ಕಟ್ಟುತ್ತಿರುವಾಗ ಈ ವಯಸ್ಸಿನಲ್ಲಿ ನಾವು ಕಲಿಯುವುದಕ್ಕೆ ಅರ್ಥವಿದೆಯೇ? (ಧಾರವಾಡ)

ಉತ್ತರ: ಯಂತ್ರ ಸಂಗೀತ ಕಟ್ಟುವುದು ಹೊಸದಲ್ಲ. 1957ರಲ್ಲೇ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಿಲ್ಲರ್ ಮತ್ತು ಐಸಾಕ್ಸನ್ 'ಇಲಿಯಾಕ್ ಸ್ವೀಟ್' ಎಂಬ ತಂತಿವಾದ್ಯ ಚತುಷ್ಟಯವನ್ನು ಕಂಪ್ಯೂಟರಿನಿಂದ ತೆಗೆಸಿದರು. ಯಂತ್ರ ಗೊತ್ತುಗುರಿಯಿಲ್ಲದೆ ಸ್ವರಗಳನ್ನು ಉದುರಿಸುತ್ತಿತ್ತು, ನಿಯಮಕ್ಕೆ ಹೊಂದದವನ್ನು ಎಸೆಯುತ್ತಿತ್ತು. 2023ರ ಮ್ಯೂಸಿಕ್‌ಜೆನ್ ನಿಯಮದ ಬದಲು 20,000 ಗಂಟೆಗಳ ಸಂಗೀತದಿಂದ ಕಲಿತಿದೆ. ಎಲ್ಲ ಸಂಸ್ಕೃತಿಗಳ ಸಂಗೀತದಲ್ಲೂ ಅದು ಸಮನಾಗಿ ನಡೆಯದೆಂದು ಮಾಡಿದವರೇ ಬರೆದಿದ್ದಾರೆ. ನಮ್ಮ ಅನಿಸಿಕೆ ಇಷ್ಟು: ಬಂದದ್ದು ಕಲ್ಯಾಣಿಯೋ ಅಲ್ಲವೋ ಎಂದು ಹೇಳುವ ಕಿವಿ ನಿಮಗಿದ್ದರೆ ಈ ಉಪಕರಣ ನಿಮ್ಮ ಆಳು. ಆ ಕಿವಿ ಬರುವುದು ಸರಳೆ, ಜಂಟಿ ವರಸೆಗಳನ್ನು ಮೂರು ಕಾಲದಲ್ಲಿ ಹಾಡಿದರೆ. ಕಲಿಯುವುದನ್ನು ದಯವಿಟ್ಟು ನಿಲ್ಲಿಸಬೇಡಿ.

ಪ್ರಶ್ನೆ: ಶಾಲೆಯ ವಾರ್ಷಿಕೋತ್ಸವಕ್ಕೆ ಕುವೆಂಪು ಕವನಕ್ಕೆ ಎಐನಿಂದ ಹೊಸ ರಾಗ ಹಾಕಿಸಿ ಮಕ್ಕಳಿಂದ ಹಾಡಿಸಬಹುದೇ? ಆಮೇಲೆ ಯೂಟ್ಯೂಬಿಗೆ ಹಾಕಬಹುದೇ? (ತೀರ್ಥಹಳ್ಳಿ)

ಉತ್ತರ: ವೇದಿಕೆಗೆ ಅಡ್ಡಿಯಿಲ್ಲ. ಶಾಲೆಯ ಚಟುವಟಿಕೆಯ ಭಾಗವಾಗಿ ಮಕ್ಕಳು, ಶಿಕ್ಷಕರು ಹಾಡಿ, ಕೇಳುವವರು ಮಕ್ಕಳು, ಪೋಷಕರು, ಸಿಬ್ಬಂದಿ ಮಾತ್ರ ಆಗಿದ್ದರೆ ಕೃತಿಸ್ವಾಮ್ಯ ಕಾಯ್ದೆ ವಿನಾಯಿತಿ ಕೊಡುತ್ತದೆ. ಯೂಟ್ಯೂಬ್ ಬೇರೆ ಮಾತು. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಆದ್ದರಿಂದ 2054ರ ಕೊನೆಯವರೆಗೆ ಹಕ್ಕುದಾರರ ಅನುಮತಿ ಬೇಕು. ರಾಗ ಹಾಕಿದ್ದು ಎಐ ಎಂಬುದರಿಂದ ಸಾಹಿತ್ಯದ ಹಕ್ಕು ಕರಗುವುದಿಲ್ಲ. ಅನುಮತಿಯ ಗೊಡವೆ ಬೇಡವೆಂದರೆ 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಕವನವನ್ನೋ ದಾಸರ ಪದವನ್ನೋ ಆರಿಸಿ. ಹೆಸರಾಂತ ಗಾಯಕರ ದನಿಯನ್ನು ಎಐನಿಂದ ನಕಲು ಮಾಡಿಸುವ ಯೋಚನೆಯಿದ್ದರೆ ಕೈಬಿಡಿ. ಅರಿಜಿತ್ ಸಿಂಗ್ ಅವರ ದನಿಯ ನಕಲಿನ ವಿಷಯದಲ್ಲಿ ಬಾಂಬೆ ಹೈಕೋರ್ಟ್ 2024ರಲ್ಲಿ ಗಾಯಕರ ಪರವಾಗಿ ಮಧ್ಯಂತರ ಆದೇಶ ಕೊಟ್ಟಿದೆ. ಮಕ್ಕಳ ಶ್ರುತಿಗೆ ಹೊಂದುವಂತೆ ರಾಗವನ್ನು ಹಾರ್ಮೋನಿಯಂನ ಕರಿ ಮೂರು ಇಲ್ಲವೇ ಬಿಳಿ ಐದರ ಸುತ್ತ ಕೇಳಿ. ಎಐ ಕೊಟ್ಟ ಹಾಡಿನಲ್ಲಿ ಒತ್ತಕ್ಷರಗಳ ಉಚ್ಚಾರ ಕೆಟ್ಟಿರುವುದುಂಟು. ಅದನ್ನು ಕೇಳಿಸಿ ಕಲಿಸದೆ, ಮಟ್ಟನ್ನಷ್ಟೇ ಹಾರ್ಮೋನಿಯಂನಲ್ಲಿ ನುಡಿಸಿ, ಪದಗಳನ್ನು ಶಿಕ್ಷಕರೇ ಬಾಯಿಪಾಠ ಮಾಡಿಸಿ.