ಐದನೇ ತರಗತಿಗೆ ಬಂದರೂ ಓದು ಬಂದಿಲ್ಲ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲೆಯ ಶಿಕ್ಷಕಿ. ಐದನೇ ತರಗತಿಯ 24 ಮಕ್ಕಳಲ್ಲಿ 11 ಮಂದಿಗೆ ಓದಲು ಬರುವುದಿಲ್ಲ. ಹಲವರು ತಾಂಡಾದವರು, ಅಪ್ಪ ಅಮ್ಮ ಗುಳೆ ಹೋಗುತ್ತಾರೆ. ಪಾಠ ಬಿಡಿಸಿ ವರ್ಣಮಾಲೆ ನಕಲು ಬರೆಸುತ್ತಿದ್ದೇನೆ. ಇದಕ್ಕಿಂತ ಹೆಚ್ಚು ನಿರೀಕ್ಷಿಸಬಹುದೇ?

ಉತ್ತರ: ಖಂಡಿತ ನಿರೀಕ್ಷಿಸಬೇಕು ಮೇಡಂ. ನಕಲು ಬರೆಯುವ ಮಗು ಗೆರೆ ನೋಡಿ ಗೆರೆ ಎಳೆಯುತ್ತದೆ, ಓದುವುದಿಲ್ಲ. ಮೊದಲು ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮೂರು ನಿಮಿಷ ಓದಿಸಿ, ಎಲ್ಲಿ ತಡವರಿಸುತ್ತಾರೆಂದು ಬರೆದುಕೊಳ್ಳಿ. ಒಬ್ಬರಿಗೆ ಮೂಲಾಕ್ಷರವೇ ಬಾರದು, ಇನ್ನೊಬ್ಬರಿಗೆ ಕಾಗುಣಿತದಲ್ಲಿ ಕೊ, ಕೋ ಅದಲುಬದಲು. ಕೆಲವರು ಸರಾಗ ಓದಿದರೂ ಅರ್ಥ ಹಿಡಿಯುವುದಿಲ್ಲ. ಒತ್ತಕ್ಷರ ಬಂದೊಡನೆ ನಿಲ್ಲುವವರೂ ಇರುತ್ತಾರೆ, ಅದರಲ್ಲೂ ಅರ್ಕಾವೊತ್ತಿಗೆ. 'ಸೂರ್ಯ' ಎನ್ನುವಾಗ ಬಾಯಿಗೆ ಮೊದಲು ಬರುವ 'ರ್' ಬರಹದಲ್ಲಿ 'ಯ'ದ ನಂತರ ಕೂರುತ್ತದೆ. ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಮಾರ್ಗ, ಪರ್ವತ, ಕಾರ್ಯ ಹೀಗೆ ಹತ್ತು ಪದ ಒಟ್ಟಿಗೆ ಬರೆದು ತೋರಿಸಿ.

ಈ ತೊಡಕುಗಳ ಪ್ರಕಾರ ಗುಂಪು ಮಾಡಿ ದಿನಕ್ಕೊಂದು ಗಂಟೆ ಕಲಿಸಿ. ಆದರೆ ಐದನೇ ತರಗತಿಯ ಪಾಠದಿಂದ ಅವರನ್ನು ಹೊರಗಿಡಬೇಡಿ. ಹಾಗೆ ಮಾಡಿದರೆ ತರಗತಿಯ ಪದಗಳೇ ಅವರ ಕಿವಿಗೆ ಬೀಳುವುದಿಲ್ಲ, ಅಂತರ ಹಿಗ್ಗುತ್ತದೆ. ಪಾಠದ ಎಂಟು ಸಾಲು ಸಾಕು. ಹೊಸ ಪದಕ್ಕೆ ಲಂಬಾಣಿಯಲ್ಲಿ ಏನೆನ್ನುತ್ತಾರೆಂದು ಮಕ್ಕಳನ್ನೇ ಕೇಳಿ. ನೀವು ಎರಡು ಸಲ ಓದಿ, ಅವರ ಬೆರಳು ಸಾಲಿನ ಮೇಲೆ ಸಾಗಲಿ. ಆಮೇಲೆ ಎಲ್ಲರೂ ಒಟ್ಟಿಗೆ, ನಂತರ ಇಬ್ಬಿಬ್ಬರಾಗಿ ಓದಲಿ. ಮೂರು ದಿನ ಅದೇ ಸಾಲುಗಳು. ಬಾಯಿಪಾಠ ಒಪ್ಪಿಸುತ್ತಿದ್ದಾರೆ ಅನ್ನಿಸಿದರೆ ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಿ, ಆಗ ನಿಜ ತಿಳಿಯುತ್ತದೆ.

ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ಸುಮ್ಮನಿರಿ. ಸಾಮಾನ್ಯವಾಗಿ ನಾವು ಒಂದೇ ಸೆಕೆಂಡಿಗೆ ಜಾಣ ಮಗುವಿನತ್ತ ತಿರುಗುತ್ತೇವೆ. ನಿರೀಕ್ಷೆ ಕಡಿಮೆಯೆಂದು ಮಗು ಓದಿಕೊಳ್ಳುವುದು ಇಂಥಲ್ಲೇ. ಅಮೆರಿಕದ ಸಂಶೋಧಕರಾದ ರೋಸೆಂತಾಲ್ ಮತ್ತು ಜೇಕಬ್ಸನ್ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೀಟಿ ಎತ್ತಿದಂತೆ ಆರಿಸಿದ ಮಕ್ಕಳನ್ನು 'ಇವರು ಬೇಗ ಮುಂದೆ ಬರುತ್ತಾರೆ' ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ಒಂದು, ಎರಡನೇ ತರಗತಿಯಲ್ಲಿ ಅಂಥವರು ಹೆಚ್ಚು ಮುಂದೆ ಬಂದರು. ನಂತರದ ಅಧ್ಯಯನಗಳಲ್ಲಿ ಈ ಪರಿಣಾಮ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಆದ್ದರಿಂದ ನಂಬಿಕೆಯೊಂದನ್ನೇ ನೆಚ್ಚಬೇಡಿ, ಆ ಒಂದು ಗಂಟೆ ತಪ್ಪಿಸಬೇಡಿ.

ಪ್ರಶ್ನೆ: ನನಗೆ ಓದು ಬಾರದು, ಈ ಪತ್ರ ಪಕ್ಕದ ಮನೆಯವರಿಂದ ಬರೆಸಿದ್ದೇನೆ. ಮಗಳಿಗೆ ಹೇಗೆ ಸಹಾಯ ಮಾಡಲಿ?

ಉತ್ತರ: ಅಡುಗೆ ಮಾಡುವಾಗ ಹತ್ತು ನಿಮಿಷ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದು ಅನ್ನಿ ಅಮ್ಮ. 'ಆಮೇಲೇನಾಯಿತು?' ಎಂದು ಕೇಳಿ. ಶಾಲೆಯ ಗ್ರಂಥಾಲಯದ ಪುಸ್ತಕ ಮನೆಗೆ ಕಳಿಸಲು ಟೀಚರಿಗೆ ಹೇಳಿ.