ಥೋರಿಯಂ ಡೈಆಕ್ಸೈಡ್ ಎಂದರೇನು? ಸಂಶೋಧನೆಯಲ್ಲಿ ಅದಕ್ಕೇನು ಕೆಲಸ?

ನೀವು ಮಲೆನಾಡಿನ ಅಡಿಕೆ ಮನೆಯಲ್ಲಿ ಬೆಳೆದವರಾದರೆ ಅದನ್ನು ನೋಡಿಯೇ ಇರುತ್ತೀರಿ. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಕೊಯ್ಲಿನ ಕಾಲಕ್ಕೆ ಅಟ್ಟದಿಂದ ಗ್ಯಾಸ್‌ಲೈಟ್ ಇಳಿಸುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರಿಗೆ ರಾತ್ರಿಯೆಲ್ಲ ಅದೇ ಬೆಳಕು. ಹೊಸ ಮ್ಯಾಂಟಲ್ ಕಟ್ಟಿ ಹೊತ್ತಿಸಿದರೆ ಬಟ್ಟೆ ಸುಟ್ಟುಹೋಗಿ ಬಿಳಿ ಬೂದಿಯ ಬಲೆಯಷ್ಟೇ ಉಳಿಯುತ್ತಿತ್ತು. ಆ ಬೂದಿಯೇ ಥೋರಿಯಂ ಡೈಆಕ್ಸೈಡ್, ಅಂದರೆ ವಿಕಿರಣ ಸೂಸುವ ಥೋರಿಯಂ ಲೋಹ ಆಮ್ಲಜನಕದೊಂದಿಗೆ ಕೂಡಿದ್ದು; ಜೊತೆಗೆ ನೂರರಲ್ಲಿ ಒಂದು ಪಾಲಿನಷ್ಟು ಸೀರಿಯಂ ಆಕ್ಸೈಡ್. ಒಂದು ಹಾತೆ ಬಡಿದರೂ ಉದುರುವ ಆ ಬಲೆ ಬೆಂಕಿಗೆ ಮಾತ್ರ ಜಗ್ಗುತ್ತಿರಲಿಲ್ಲ.

ಅದು ಕರಗಲು ಸುಮಾರು 3,300 ಡಿಗ್ರಿ ಸೆಲ್ಸಿಯಸ್ ಬೇಕು. ಆಕ್ಸೈಡ್‌ಗಳ ಪೈಕಿ ಇಷ್ಟು ಶಾಖ ತಡೆಯುವುದು ಇನ್ನೊಂದಿಲ್ಲ. ಒತ್ತಿ ಸುಟ್ಟ ಗಟ್ಟಿ ಬಿಲ್ಲೆಯಾದರೆ ಘನ ಸೆಂಟಿಮೀಟರಿಗೆ ಹತ್ತಿರಹತ್ತಿರ 10 ಗ್ರಾಂ ತೂಗುತ್ತದೆ. ಯುರೇನಿಯಂ ಡೈಆಕ್ಸೈಡ್ ಗಾಳಿಯಲ್ಲಿ ಕಾದರೆ ಮತ್ತಷ್ಟು ಆಮ್ಲಜನಕ ಹೀರಿ, ಉಬ್ಬಿ, ಪುಡಿಯಾಗುತ್ತದೆ. ಥೋರಿಯಂ ಆಗಲೇ ಹೊಟ್ಟೆತುಂಬ ಉಂಡಾಗಿರುವುದರಿಂದ ಅದಕ್ಕೆ ಆ ಚಾಪಲ್ಯವಿಲ್ಲ. ಅತಿ ಶಾಖದ ಪ್ರಯೋಗಗಳ ಮೂಸೆಗೆ ಇದನ್ನು ಆರಿಸಿಕೊಂಡದ್ದು ಈ ಗುಣಕ್ಕಾಗಿಯೇ.

ಸಂಶೋಧಕರ ದೊಡ್ಡ ಆಸಕ್ತಿ ಇರುವುದು ಪರಮಾಣು ಇಂಧನದಲ್ಲಿ. ಥೋರಿಯಂ ತಾನಾಗಿ, ಪರಮಾಣುಗಳು ಒಂದರ ಹಿಂದೊಂದು ಸೀಳುವ ಸರಪಳಿ ಕ್ರಿಯೆ ನಡೆಸುವುದಿಲ್ಲ. ನ್ಯೂಟ್ರಾನ್ ನುಂಗಿದ ಮೇಲೆ, ಕೆಲವು ವಾರಗಳಲ್ಲಿ ಹಾಗೆ ಸೀಳಬಲ್ಲ ಯುರೇನಿಯಂ-233 ಆಗುತ್ತದೆ. ಅದನ್ನೇ ಇಂಧನವಾಗಿಸಿಕೊಂಡ 30 ಕಿಲೋವ್ಯಾಟ್‌ನ ಪುಟ್ಟ ಸಂಶೋಧನಾ ರಿಯಾಕ್ಟರ್ ‘ಕಾಮಿನಿ’ ಕಲ್ಪಾಕ್ಕಂನಲ್ಲಿ 1996ರಲ್ಲಿ ಚಾಲನೆಗೊಂಡಿತು. ಗುಜರಾತಿನ ಕಾಕ್ರಪಾರ್‌ನಲ್ಲೂ ಥೋರಿಯಂ ಡೈಆಕ್ಸೈಡ್ ಕಟ್ಟುಗಳನ್ನು ರಿಯಾಕ್ಟರಿನೊಳಗಿಟ್ಟು ನೋಡಿದ್ದಾರೆ.

ನಾಳೆಯೇ ಥೋರಿಯಂನಿಂದ ದೇಶಕ್ಕೆಲ್ಲ ಕರೆಂಟು ಎನ್ನುವ ವಾಟ್ಸ್ಆ್ಯಪ್ ಸಂದೇಶ ಕಂಡರೆ ನನಗೆ ಸಿಡಿಮಿಡಿ. ಬೆಂಕಿಗೆ ಜಗ್ಗದ್ದು ಆಮ್ಲಕ್ಕೂ ಸುಲಭವಾಗಿ ಜಗ್ಗುವುದಿಲ್ಲ. ಬಳಸಿದ ಬಿಲ್ಲೆಯಿಂದ ಯುರೇನಿಯಂ ತೆಗೆಯಬೇಕೆಂದರೆ ಬರೀ ನೈಟ್ರಿಕ್ ಆಮ್ಲ ಸಾಲದು. ಒಂದಿಷ್ಟು ಹೈಡ್ರೋಫ್ಲೋರಿಕ್ ಆಮ್ಲ ಬೆರೆಸಬೇಕು, ಬೆರೆಸಿದರೆ ಅದು ಉಕ್ಕಿನ ಪಾತ್ರೆಯನ್ನೇ ತಿನ್ನಲು ಶುರುಮಾಡುತ್ತದೆ. ಮೇಲಾಗಿ ಯುರೇನಿಯಂ-233ರ ಬೆನ್ನಿಗೇ ಯುರೇನಿಯಂ-232 ಹುಟ್ಟುತ್ತದೆ. ಅದರ ಸಂತತಿಯಲ್ಲಿ ಬರುವ ಥ್ಯಾಲಿಯಂ-208 ಎಷ್ಟು ತೀಕ್ಷ್ಣವಾದ ಗಾಮಾ ಕಿರಣ ಸೂಸುತ್ತದೆಂದರೆ, ದಪ್ಪ ಗೋಡೆಯಾಚೆ ನಿಂತು ಯಂತ್ರದ ಕೈಗಳಿಂದಲೇ ಕೆಲಸ ಮಾಡಬೇಕು.

ಅಟ್ಟದಲ್ಲಿ ಹಳೆಯ ಮ್ಯಾಂಟಲ್ ಪೊಟ್ಟಣ ಸಿಕ್ಕರೆ ಗಾಬರಿಯಾಗಬೇಡಿ. ಥೋರಿಯಂನ ಅರ್ಧಾಯುಷ್ಯ, ಅಂದರೆ ಅದರ ಅರ್ಧ ಭಾಗ ಕ್ಷಯಿಸಲು ಹಿಡಿಯುವ ಕಾಲ, ಸುಮಾರು 1,400 ಕೋಟಿ ವರ್ಷ. ಅದರ ವಿಕಿರಣ ಅಷ್ಟು ನಿಧಾನದ್ದು, ಅದು ಸೂಸುವ ಆಲ್ಫಾ ಕಣಗಳು ಚರ್ಮವನ್ನೂ ದಾಟಲಾರವು. ಬೂದಿ ಶ್ವಾಸಕೋಶಕ್ಕೆ ಇಳಿಯಬಾರದು, ಅಷ್ಟೇ. ಒಡೆದ ಮ್ಯಾಂಟಲ್ಲಿನ ಬೂದಿಯನ್ನು ನಾವು ಮಕ್ಕಳು ಬಾಯಿಂದ ಉಫ್ ಎಂದು ಊದಿ ಆಡುತ್ತಿದ್ದೆವು. ನೀವು ಊದಬೇಡಿ.